ಹರಣಿಯ ತೂಕ

ಭರಮಣ್ಣ ಜುಲೈ ಒಂಬತ್ತನೆಯ ತಾರೀಖು ಬೆಳಗಿನ ಐದೂವರೆಗೆ, ಬೆಳಗಾವಿಯ ಕೋಟೆಯ ಹಿಂದಿನ ತನ್ನ ಮನೆಯಲ್ಲಿ ತೀರಿಕೊಂಡ. ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಅರವತ್ತಾರು ವರ್ಷ. ಭಾನುವಾರ ನಮ್ಮಲ್ಲಿಗೆ ಬಂದು ಹೋದವನು ಮತ್ತೆ ಹಾಸಿಗೆಯಿಂದ ಏಳಲಿಲ್ಲ. ಅವನ ಹೆಂಡತಿ ಸಾವಂತ್ರವ್ವ ಫೋನಿನಲ್ಲಿ ಮೊದಲು ಸುದ್ದಿ ಹೇಳಿದಳು. ಆಮೇಲೆ, ಕುದುರೆಗೆ ಹುಲ್ಲು ನೆನೆಹಾಕಿದಿರೋ ಇಲ್ಲೋ ಎಂದು ಕೇಳಿದಳು. ಹಾಕಿದ್ದೆ.

ಅವನ ಬಗ್ಗೆ ಬರೆಯಬೇಕೆಂದು ಕೂತರೆ ಕುದುರೆಯ ಸುದ್ದಿಯೇ ಬರುತ್ತದೆ. ಬರಲಿ. ಅವನೂ ಯಾರ ಮನೆಗೆ ಹೋದರೂ ಮೊದಲು ಕುದುರೆಯ ಕ್ಷೇಮ ಹೇಳಿ ಆಮೇಲೆ ತನ್ನದನ್ನು ಹೇಳುತ್ತಿದ್ದವನೇ.

ನಾನು ಹೈಸ್ಕೂಲಿನ ಮಾಸ್ತರನಾಗಿ ಬೆಳಗಾವಿಗೆ ಬಂದಿಳಿದ ದಿನ ರೈಲ್ವೆ ಸ್ಟೇಷನ್ನಿನ ಎದುರು ಅವನ ಟಾಂಗಾ ನಿಂತಿತ್ತು. ಸಾಲೆ ಬಹಳ ದೂರ ಎಂದು ಹೇಳಿ ನನ್ನನ್ನು ಹತ್ತಿಸಿಕೊಂಡು ಮುಕ್ಕಾಲು ಗಂಟೆ ಓಡಿಸಿದ. ದಾರಿಯಲ್ಲಿ ಕೋಟೆ ಬಂತು, ಕೆರೆ ಬಂತು, ಮಾರ್ಕೆಟ್ ಬಂತು. ಒಂದು ವಾರದ ಮೇಲೆ ಗೊತ್ತಾಯಿತು, ಸಾಲೆ ಇದ್ದದ್ದು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ. ಹೋಗಿ ಜಗಳ ತೆಗೆದೆ. ಹೊಸ ಊರು, ಮಾಸ್ತರರು ಒಂದು ಸಲ ಎಲ್ಲಾ ನೋಡಲಿ ಅಂತ ತಿರುಗಿಸಿದೆ ಎಂದು ಹೇಳಿ ಅವನು ನನಗೆ ಚಹಾ ಕುಡಿಸಿದ. ಮೂವತ್ತೆಂಟು ವರ್ಷದ ಗೆಳೆತನ ಹೀಗೆ ಶುರುವಾಯಿತು.

ಅವನ ಅಪ್ಪ ಕುರಿ ಕಾಯುತ್ತಿದ್ದವರು. ಜೀವಮಾನವೆಲ್ಲ ಹುಲ್ಲು ಎಲ್ಲಿದೆ ಎಂದು ಹುಡುಕುತ್ತ ನಡೆದವರು. ಅವರ ಮಂದಿಯಲ್ಲಿ ಒಂದು ಪ್ರಾಣಿಯನ್ನು ನೋಡಿ ಆಡಬಹುದಾದ ಅತಿ ದೊಡ್ಡ ಮೆಚ್ಚುಗೆಯ ಮಾತು ‘ಮೈ ತುಂಬೈತಿ’ ಎನ್ನುವುದು. ಮೈ ತುಂಬದ ಪ್ರಾಣಿಯನ್ನು ಇಟ್ಟುಕೊಂಡವನಿಗೆ ಹೆಣ್ಣು ಕೊಡುವಾಗಲೂ ಎರಡು ಸಲ ಯೋಚಿಸುತ್ತಿದ್ದರಂತೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಆದದ್ದೆಲ್ಲ ಇದರಿಂದಲೇ.

ಆಟೋಗಳು ಹೆಚ್ಚಿದ ಮೇಲೆ ಭರಮಣ್ಣ ಟಾಂಗಾ ಬಿಟ್ಟು ಒಂದು ಬಿಳಿ ಹೆಣ್ಣು ಕುದುರೆ ತಂದ. ಹೆಸರು ಹರಣಿ, ಅಂದರೆ ಜಿಂಕೆ. ಮದುವೆಗಳಲ್ಲಿ ಮದುಮಗನನ್ನು ಹೊತ್ತು ಬ್ಯಾಂಡಿನ ಹಿಂದೆ ನಡೆಯುವುದು ಅವಳ ಕೆಲಸ. ಮಹಾರಾಷ್ಟ್ರದ ಕಡೆಯಿಂದ ಬಂದವಳಾದ್ದರಿಂದ ಅವಳಿಗೆ ಮರಾಠಿಯೇ ತಿಳಿಯುವುದೆಂದು ಅವನ ನಂಬಿಕೆ. ಊರವರ ಜೊತೆ ಕನ್ನಡ, ಕುದುರೆಯ ಜೊತೆ ಮರಾಠಿ. ‘ಥಾಂಬ’ ಎಂದರೆ ನಿಲ್ಲು. ಹದಿನಾಲ್ಕು ವರ್ಷ ಹರಣಿ ಜೋಳದ ಕಣಿಕೆ ತಿಂದುಕೊಂಡು, ಕೋಟೆಯ ಗೋಡೆಯ ಬುಡದಲ್ಲಿ ಬೆಳೆದ ನಾಲ್ಕು ಎಸಳು ಹುಲ್ಲನ್ನು ಹಬ್ಬದೂಟದಂತೆ ಮೆಲ್ಲುತ್ತ ಇದ್ದಳು. ಪಕ್ಕೆಯ ಎಲುಬು ಎಣಿಸಬಹುದಿತ್ತು. ಅದು ಅವನಿಗೆ ಒಳಗೊಳಗೇ ನಾಚಿಕೆಯ ವಿಷಯವಾಗಿತ್ತು.

ಆಮೇಲೆ ಮದುಮಕ್ಕಳು ತೆರೆದ ಜೀಪಿನಲ್ಲಿ ಬರತೊಡಗಿದರು. ಅವನ ಮಂಡಿಯೂ ಕೈಕೊಟ್ಟಿತು. ಕುದುರೆಯನ್ನು ಮಾರಲು ಮನಸ್ಸಿಲ್ಲ. ನನಗೆ ದೇಸೂರ ದಾಟಿ ಖಾನಾಪುರ ರಸ್ತೆಯ ಬಾಜು ನಾಲ್ಕು ಎಕರೆ ಇದೆ. ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿ ಸಂಗವ್ವನೂ ಅಲ್ಲಿಯೇ ಮನೆ ಮಾಡಿಕೊಂಡಿದ್ದೇವೆ. ಎರಡು ಎಕರೆ ಬಿತ್ತುತ್ತೇವೆ, ಉಳಿದದ್ದು ಹುಲ್ಲು. ಹೇಗೂ ತಾನೇ ಬೆಳೆಯುತ್ತದೆ, ನಿನ್ನ ಕುದುರೆ ಬಂದು ತಿನ್ನಲಿ ಎಂದೆ. ಈ ಮಾತು ಆಡಿದ್ದು ನಾನು. ಬರೆದಿಡುತ್ತಿದ್ದೇನೆ.

ಹೋದ ವರ್ಷ ಜೂನ್ ತಿಂಗಳಲ್ಲಿ, ಮಳೆ ಹಿಡಿದ ಎರಡನೆಯ ವಾರ, ಅವನು ಹರಣಿಯನ್ನು ನಡೆಸಿಕೊಂಡೇ ಬಂದ. ಗೇಟು ತೆರೆದೆವು. ಮೊಣಕಾಲೆತ್ತರದ ಹುಲ್ಲನ್ನು ನೋಡಿ ಅವಳು ಮೊದಲು ಹೆದರಿದಳು. ಆಮೇಲೆ ತಲೆ ಕೆಳಗೆ ಹಾಕಿದಳು. ಮೂರು ತಿಂಗಳು ಆ ತಲೆ ಮೇಲೆದ್ದದ್ದನ್ನು ನಾನು ನೋಡಿದ ನೆನಪಿಲ್ಲ.

ಭರಮಣ್ಣ ದಿನಾ ಬೆಳಗಾವಿಯಿಂದ ಬಸ್ಸಿಗೆ ಬಂದು ಕಟ್ಟೆಯ ಮೇಲೆ ಕೂತು ಅವಳು ತಿನ್ನುವುದನ್ನು ನೋಡುತ್ತಿದ್ದ. ಜುಲೈಯಲ್ಲಿ ಪಕ್ಕೆಯ ಎಲುಬು ಮುಚ್ಚಿತು. ಆಗಸ್ಟಿನಲ್ಲಿ ಕುತ್ತಿಗೆಯ ಮೇಲ್ಭಾಗ ಲೋಡುದಿಂಬಿನಂತೆ ಗಟ್ಟಿಯಾಯಿತು. ಬೆನ್ನಿನ ನಡುವೆ ಒಂದು ಕಾಲುವೆ ಬಿದ್ದು ಅದರಲ್ಲಿ ಮಳೆನೀರು ನಿಲ್ಲತೊಡಗಿತು. ಜೀನಿನ ಹೊಟ್ಟೆಪಟ್ಟಿ ಹಾಕಿ ನೋಡಿದರೆ ಕೊನೆಯ ತೂತಿಗೂ ಬರಲಿಲ್ಲ. ಹೊಸ ತೂತು ಕೊರೆಸಿಕೊಂಡು ಬಂದ, ಒಂದಲ್ಲ, ಮುಂದಾಲೋಚನೆಯಿಂದ ಮೂರು. ಬೆನ್ನಿನ ಮೇಲೆ ನೀರು ನಿಂತ ಫೋಟೋವನ್ನು ತನ್ನ ಬೀಗರಿಗೆಲ್ಲ ಕಳಿಸಿದ. ಅವರೆಲ್ಲ ಮೈ ತುಂಬೈತಿ ಎಂದು ಉತ್ತರ ಬರೆದರು. ಅಪ್ಪ ಇದ್ದು ಇದನ್ನು ನೋಡಬೇಕಿತ್ತು ಎಂದು ಅವನು ಕಣ್ಣೊರೆಸಿಕೊಂಡ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹರಣಿ ಹುಲ್ಲಿನ ನಡುವೆ ನಿಂತಿದ್ದಳು, ತಿನ್ನುತ್ತಿರಲಿಲ್ಲ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಬಿಸಿ ತವೆಯ ಮೇಲೆ ನಿಂತವಳಂತೆ ಒಂದೊಂದೇ ಕಾಲು ಎತ್ತಿ ಇಡುತ್ತಿದ್ದಳು. ಹೆಜ್ಜೆ ಹಾಕಲೊಲ್ಲಳು.

ಖಾನಾಪುರದಿಂದ ಪಶುವೈದ್ಯೆ ತ್ರಿವೇಣಿ ಬಂದರು. ಚಿಕ್ಕ ವಯಸ್ಸು, ಮಾತು ಕಡಿಮೆ. ಗೊರಸಿಗೆ ಕೈ ಇಟ್ಟು ನೋಡಿದರು, ಕುತ್ತಿಗೆಯ ಕೊಬ್ಬನ್ನು ಹಿಡಿದು ಅಲ್ಲಾಡಿಸಿದರು. ಭರಮಣ್ಣ ಪಕ್ಕದಲ್ಲಿ ನಿಂತು, ಎಷ್ಟು ಚೊಲೋ ಮೈ ತುಂಬಿಕೊಂಡಿದ್ದಳು, ಯಾರದೋ ದೃಷ್ಟಿ ತಾಗಿದೆ ಎಂದ.

“ಕಾಕಾ, ಇದು ಮೈ ತುಂಬಿದ್ದಲ್ಲ, ಜಡ್ಡು” ಎಂದರು ಅವರು.

“ಹುಲ್ಲು ತಿಂದು ಕುದುರಿಗೆ ಜಡ್ಡಾಗತೈತೇನ್ರಿ ಬಾಯಾರ? ಮತ್ತ ಅದು ಚಪಾತಿ ತಿನ್ನಬೇಕೇನ್ರಿ?”

“ಈ ಹುಲ್ಲಾಗ ಸಕ್ಕರಿ ಐತಿ ಕಾಕಾ. ಆಕಿ ಮೂರು ತಿಂಗಳ ದಿನಾ ಮದುವಿ ಊಟ ಉಂಡಾಳ.”

ಆಮೇಲೆ ನಮಗೆ ತಿಳಿಯುವಂತೆ ಹೇಳಿದರು. ಗೊರಸಿನೊಳಗೆ ಎಲುಬನ್ನು ಹಿಡಿದುಕೊಂಡ ಒಂದು ಪದರ ಇರುತ್ತದೆ. ಸಕ್ಕರೆ ಮತ್ತು ಕೊಬ್ಬು ಹೆಚ್ಚಾದರೆ ಅದು ಊದಿಕೊಂಡು ಸಡಿಲಾಗುತ್ತದೆ, ಪೂರ್ತಿ ಬಿಟ್ಟರೆ ಎಲುಬೇ ಕೆಳಗೆ ತಿರುಗುತ್ತದೆ. ಈ ಸಲ ಉಳಿದಿದ್ದಾಳೆ. ಮುಂದಿನ ಮಳೆಗಾಲದ ಹೊಸ ಹುಲ್ಲಿನಲ್ಲಿ ಮತ್ತೆ ಹೀಗಾದರೆ ಕಾಲೂರಿ ನಿಲ್ಲುವುದಿಲ್ಲ. ನಿಲ್ಲದ ಕುದುರೆಗೆ ಏನು ಮಾಡಬೇಕಾಗುತ್ತದೆ ಎಂದು ಅವರು ಹೇಳಲಿಲ್ಲ, ಭರಮಣ್ಣ ಕೇಳಲಿಲ್ಲ.

ನಿಯಮಗಳು ಶುರುವಾದವು. ಹುಲ್ಲಿಲ್ಲದ ಬರಿ ಮಣ್ಣಿನ ಜಾಗದಲ್ಲಿ ಬೇಲಿ ಹಾಕಿ ಹರಣಿಯನ್ನು ಬಿಡಬೇಕು. ಪೂರಾ ಉಪವಾಸ ಕೆಡವಬಾರದು, ಅದೂ ಅಪಾಯ. ಒಣಹುಲ್ಲನ್ನು ಅವಳ ತೂಕಕ್ಕೆ ತಕ್ಕಷ್ಟು ಅಳೆದು, ಒಂದು ತಾಸು ನೀರಲ್ಲಿ ನೆನೆಸಿ, ಸಕ್ಕರೆ ಬಿಟ್ಟ ನೀರನ್ನು ಚೆಲ್ಲಿ, ಹುಲ್ಲು ಮಾತ್ರ ಕೊಡಬೇಕು. ಮುಂದೆ ಮಳೆಗಾಲ ಬಂದಾಗ ಹೊರಗೆ ಬಿಟ್ಟರೂ ಬಿಸಿಲೇರುವ ಮೊದಲು ಎರಡು ತಾಸು, ಅದೂ ಬಾಯಿಗೆ ಕುಕ್ಕೆ ಕಟ್ಟಿ. ಕುಕ್ಕೆ ಎಂದರೆ ರಾಶಿ ಮಾಡುವಾಗ ಎತ್ತಿನ ಬಾಯಿಗೆ ಕಟ್ಟುವ ಬುಟ್ಟಿ. ಇದರ ತಳದಲ್ಲಿ ಒಂದು ತೂತು ಇರಬೇಕು, ಎಸಳೆಸಳಾಗಿ ಹುಲ್ಲು ಸಿಗಬೇಕು.

ಅಪ್ಪ ಹುಲ್ಲು ಹುಡುಕುತ್ತ ಊರೂರು ತಿರುಗಿದ, ಮಗ ಹುಲ್ಲಿನ ನಡುವೆ ಕೂತು ಹುಲ್ಲು ತಪ್ಪಿಸುವ ಕೆಲಸಕ್ಕೆ ನಿಂತ. ಭರಮಣ್ಣನಿಗೆ ಇದು ಬಹಳ ಅವಮಾನದ ಸಂಗತಿಯಾಗಿತ್ತು. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಎರಡು ಎಕರೆ ಹಸಿರು ಹುಲ್ಲು, ಅದರ ಬಾಜು ಬರಿ ಮಣ್ಣಿನಲ್ಲಿ ಒಂದು ಕುದುರೆ, ಅದರ ಮುಂದೆ ಒಬ್ಬ ಮುದುಕ ಡ್ರಮ್ಮಿನಲ್ಲಿ ಹುಲ್ಲು ತೊಳೆಯುತ್ತಿದ್ದಾನೆ. ಅರಿವೆ ಒಗೆಯುವುದನ್ನು ಕಂಡಿದ್ದೇವೆ, ಹುಲ್ಲು ಒಗೆಯುವುದನ್ನು ಇವತ್ತೇ ಕಂಡೆವು ಎಂದು ಒಬ್ಬ ಹೇಳಿ ಹೋದ. ಸಾವಂತ್ರವ್ವ ಬಂದು ನೋಡಿ, ನಮ್ಮ ಮಾವ ಇದನ್ನು ಕಂಡಿದ್ದರೆ ನಿನ್ನ ಬಾಯಿಗೇ ಕುಕ್ಕೆ ಕಟ್ಟುತ್ತಿದ್ದರು ಎಂದಳು.

ಆ ಮಾತಿನಲ್ಲಿ ನ್ಯಾಯವಿತ್ತು. ಭರಮಣ್ಣನಿಗೂ ಸಕ್ಕರೆ ಕಾಯಿಲೆ. ಅವನ ಡಾಕ್ಟರು ತೂಕ ಇಳಿಸು ಎಂದು ಹತ್ತು ವರ್ಷದಿಂದ ಹೇಳುತ್ತಿದ್ದರು. ಅವನು ಕಟ್ಟೆಯ ಮೇಲೆ ಕೂತು, ಪೇಟೆಯಿಂದ ತಂದ ಕುಂದಾದ ಪೊಟ್ಟಣ ಬಿಚ್ಚಿ, ಒಂದೊಂದು ತುತ್ತಿನ ನಡುವೆ ಹರಣಿಗೆ ಮರಾಠಿಯಲ್ಲಿ ಸಕ್ಕರೆಯ ಕೇಡುಗಳನ್ನು ತಿಳಿಸಿ ಹೇಳುತ್ತಿದ್ದ. ಒಂದು ದಿನ ತ್ರಿವೇಣಿಯವರು ಹಿಂದಿನಿಂದ ಬಂದು ಇದನ್ನು ಕೇಳಿಸಿಕೊಂಡರು. ಕುಂದಾ ಹರಣಿಗಾಗಿ ತಂದದ್ದು, ಅವಳ ಬಾಯಿಗೆ ಹೋಗಬಾರದೆಂದು ತಾನು ತಿಂದು ಮುಗಿಸುತ್ತಿದ್ದೇನೆ ಎಂದ.

ಹುಲ್ಲು ಅಳೆಯಲು ಕುದುರೆಯ ತೂಕ ಗೊತ್ತಿರಬೇಕಲ್ಲ. ಡಿಸೆಂಬರಿನಲ್ಲಿ ಅವಳ ಕಾಲು ನೆಟ್ಟಗಾದ ಮೇಲೆ, ನಮ್ಮಿಂದ ಅರ್ಧ ಮೈಲಿ ದೂರದಲ್ಲಿ ಇಟ್ಟಿಗೆ ಲಾರಿ ತೂಗುವ ಕಾಟಾಕ್ಕೆ ನಡೆಸಿಕೊಂಡು ಹೋದೆವು. ನೆಲಕ್ಕೆ ಸಮನಾಗಿ ದೊಡ್ಡ ಕಬ್ಬಿಣದ ಹಾಸು, ಬಾಜು ಒಂದು ಗೂಡಿನಂಥ ಕೋಣೆ, ಕಿಟಕಿಯಲ್ಲಿ ಕಲ್ಮೇಶ ಎಂಬವನು. ಅವನು ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದ:

“ಖಾಲಿನೋ, ಲೋಡೋ?”

“ಲೋಡ್ ಐತೆಪಾ” ಎಂದ ಭರಮಣ್ಣ.

ಕಲ್ಮೇಶ ತಲೆ ಎತ್ತಿದ. ನಗಲಿಲ್ಲ, ಅದು ಅವನ ದೊಡ್ಡ ಗುಣ. ಗಾಡಿ ನಂಬರು ಹಾಕದೆ ಯಂತ್ರ ಮುಂದೆ ಹೋಗುವುದಿಲ್ಲವೆಂದ. ಹರಣಿ ಎಂದು ಹಾಕಿದ. ಮಾಲು ಯಾವುದು ಎಂದು ಯಂತ್ರ ಕೇಳಿತು. ಹುಲ್ಲು ಎಂದು ಹಾಕಿದ.

ಹರಣಿಗೆ ಕಬ್ಬಿಣದ ಸದ್ದು ಭಯ. ಭರಮಣ್ಣ ಜೊತೆಗಿದ್ದರೆ ನಿಲ್ಲುತ್ತಾಳೆ, ಅವನು ಇಳಿದರೆ ಅವಳೂ ಇಳಿಯುತ್ತಾಳೆ. ಹೀಗಾಗಿ ಇಬ್ಬರನ್ನೂ ಒಟ್ಟಿಗೆ ತೂಗಿದರು: ಐನೂರು ಕಿಲೋ. ಇನ್ನು ಅವನೊಬ್ಬನನ್ನೇ ತೂಗಿ ಕಳೆಯಬೇಕು. ಇಲ್ಲಿ ಅವನು ಹಟ ಹಿಡಿದ. ನಾನೇನು ಉಸುಕೇ, ಇಟ್ಟಿಗೆಯೇ, ಲಾರಿಯ ಕಾಟಾಕ್ಕೆ ನಿಲ್ಲಲು ಎಂದ. ಹತ್ತು ವರ್ಷ ಡಾಕ್ಟರ ಕೈಗೆ ಸಿಗದವನು ಅವನು. ಕೊನೆಗೆ ಹರಣಿಗಾಗಿ ನಿಂತ. ತೊಂಬತ್ತು. ಚಪ್ಪಲಿಯದೇ ಬಹಳ ಭಾರ ಎಂದ. ತೊಂಬತ್ತು ಕಳೆದರೆ ಹರಣಿ ನಾನೂರ ಹತ್ತು. ಮಳೆಗಾಲದೊಳಗೆ ಮುನ್ನೂರ ಅರವತ್ತಕ್ಕೆ ತನ್ನಿ ಎಂದರು ತ್ರಿವೇಣಿ.

ಜನವರಿಯಲ್ಲಿ ಮತ್ತೆ ಐನೂರು. ಒಂದು ಕಿಲೋ ಇಳಿದಿಲ್ಲ. ಭರಮಣ್ಣ ಯಾರಿಗೂ ಹೇಳದೆ ಮೂರು ದಿನ ಹರಣಿಯ ಲದ್ದಿಯನ್ನು ಕಡ್ಡಿಯಿಂದ ಕೆದಕಿ ಪರೀಕ್ಷೆ ಮಾಡಿದ. ನಾಲ್ಕನೆಯ ದಿನ ಎಲೆಯ ಮೇಲೆ ಏನನ್ನೋ ಇಟ್ಟುಕೊಂಡು ಬಂದು, ಕಟ್ಟೆಯ ಮೇಲೆ ಕೂತಿದ್ದ ಸಂಗವ್ವನ ಮುಂದೆ ಇಟ್ಟ. ಶೇಂಗಾದ ಕೆಂಪು ಸಿಪ್ಪೆ.

“ಅಕ್ಕಾರ, ಇದು ಯಾರ ಮನಿ ಶೇಂಗಾ?”

“ಊರಾಗ ಶೇಂಗಾ ತಿನ್ನಾವ್ರು ನಾವೊಬ್ರ ಏನು?”

“ಸಿಪ್ಪಿ ತಗೀಲಾರದ ಉಂಡಿ ಕಟ್ಟಾವ್ರು ನೀವೊಬ್ರ.”

ಸಂಗವ್ವನಿಗೆ ಕಳ್ಳತನ ಹೊರಬಿದ್ದದ್ದಕ್ಕಿಂತ ಉಂಡಿಯ ಬಗ್ಗೆ ಆಡಿದ ಮಾತು ಹೆಚ್ಚು ನಾಟಿತು. ಎರಡು ದಿನ ಅವನಿಗೆ ಚಹಾ ಕೊಡಲಿಲ್ಲ. ಆಮೇಲೆ ಒಪ್ಪಿಕೊಂಡಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೊರಗೆ ಬರುವ ಹೊತ್ತಿಗೆ ಹರಣಿ ಬೇಲಿಯ ಮೇಲೆ ಕುತ್ತಿಗೆ ಚಾಚಿ ಬಾಗಿಲನ್ನೇ ನೋಡುತ್ತ ನಿಂತಿರುತ್ತಾಳೆ. “ಬಾಗಲಿಗೆ ಬಂದ ಜೀವಕ್ಕ ಏನೂ ಕೊಡಲಾರದ ನಾ ಹೆಂಗ ಉಣ್ಣಲಿ?” ಎಂದಳು. ತನ್ನ ತವರಿನಲ್ಲಿ, ಅತ್ತೆಯ ಮನೆಯಲ್ಲಿ, ಇವತ್ತಿನವರೆಗೆ ಆಗದ್ದನ್ನು ಒಂದು ಕುದುರೆಗಾಗಿ ಮಾಡುವುದಿಲ್ಲ ಎಂದಳು. ಈ ಮನೆಯ ಬಾಗಿಲಲ್ಲಿ ಭರಮಣ್ಣನೂ ಎಷ್ಟೋ ಸಲ ಉಂಡವನೇ. ತ್ರಿವೇಣಿಯವರನ್ನು ಕೇಳಿ ಒಂದು ಒಪ್ಪಂದ ತಂದ. ದಿನಾ ಬೆಳಿಗ್ಗೆ ಸಂಗವ್ವನ ಕೈಯಿಂದ ಬೆರಳುದ್ದದ ಒಂದು ಸವತೆಕಾಯಿ ತುಣುಕು. ಅವಳದನ್ನು ತಟ್ಟೆಯಲ್ಲಿಟ್ಟುಕೊಂಡೇ ಹೋಗುತ್ತಾಳೆ.

ಫೆಬ್ರುವರಿಯಲ್ಲಿ ಒಟ್ಟು ನಾನೂರ ತೊಂಬತ್ತು ಬಂತು. ಮಾರ್ಚಿನಲ್ಲಿ ನಾನೂರ ಎಂಬತ್ತು. ಭರಮಣ್ಣನ ತೊಂಬತ್ತು ಕಳೆದರೆ ಹರಣಿ ಇಪ್ಪತ್ತು ಕಿಲೋ ಇಳಿದಿದ್ದಾಳೆ. ಕಲ್ಮೇಶ ಕೋಣೆಯಿಂದ ಹೊರಗೆ ಬಂದು ಕೈ ಕುಲುಕಿದ. ಆ ಖುಷಿಗೆ ನಾನು ಕುಂದಾ ತರಿಸಿದೆ. ಭರಮಣ್ಣ ಬೇಡವೆಂದ, ಈಚೆಗೆ ಯಾಕೋ ಸೇರುವುದಿಲ್ಲ ಎಂದ. ನಾವೆಲ್ಲ ಅವನನ್ನೂ ಮೆಚ್ಚಿದೆವು. ಕುದುರೆಯ ಜೊತೆ ನಡೆದು ನಡೆದು ಅವನ ಹೊಟ್ಟೆಯೂ ಇಳಿದಿದೆ, ಮುಖವೂ ಸಣ್ಣಗಾಗಿದೆ, ಇಬ್ಬರಿಗೂ ಒಂದೇ ಔಷಧಿ ಹಿಡಿಯಿತು ಎಂದೆವು. ನಾನೇ ಎಲ್ಲರಿಗಿಂತ ಜೋರಾಗಿ ಅಂದೆ.

ಮರುದಿನ ತ್ರಿವೇಣಿಯವರು ಅಳತೆಪಟ್ಟಿ ತಂದು ಹರಣಿಯ ಎದೆಸುತ್ತು ಅಳೆದರು. ಎರಡು ಸಲ ಅಳೆದರು. ಡಿಸೆಂಬರಿನಷ್ಟೇ ಇತ್ತು. ಜೀನಿನ ಪಟ್ಟಿ ಹಾಕಿಸಿದರು. ಹೊಸದಾಗಿ ಕೊರೆಸಿದ ಎರಡನೆಯ ತೂತಿಗೇ ಕೂತಿತು, ಮೊದಲಿನ ಹಾಗೆಯೇ.

“ಕಾಕಾ, ನೀವು ಪ್ರತೀ ಸಲ ಬ್ಯಾರೆ ತೂಗಿಸಿಕೊಂಡ್ರೇನು?”

“ನಂದೇನು ತೂಗೂದ್ರಿ ಬಾಯಾರ? ನಾವೇನು ದಿನಾ ಬದಲಾಗತೇವೇನು? ನಂದು ತೊಂಬತ್ತ.”

ಅವರು ಆಗಲೇ ನಮ್ಮನ್ನು ಕಾಟಾಕ್ಕೆ ಕರೆದುಕೊಂಡು ಹೋದರು, ಕುದುರೆಯಿಲ್ಲದೆ. ಭರಮಣ್ಣ ಅಷ್ಟು ದೊಡ್ಡ ಹಾಸಿನ ನಡುವೆ ಒಬ್ಬನೇ ನಿಂತ. ಕಲ್ಮೇಶ ಎಪ್ಪತ್ತು ಎಂದ. ಯಂತ್ರವನ್ನು ಸೊನ್ನೆಗೆ ತಂದು ಮತ್ತೆ ನೋಡಿ, ಎಪ್ಪತ್ತೇ ಎಂದ. ನಿನ್ನ ಕಾಟಾ ಕೆಟ್ಟಿದೆ ಎಂದು ಭರಮಣ್ಣ ನಕ್ಕ. ಕಲ್ಮೇಶ ತಾನೇ ಬಂದು ನಿಂತು ನೋಡಿದ, ಕಾಟಾ ಕೆಟ್ಟಿರಲಿಲ್ಲ. ಇಳಿದ ಇಪ್ಪತ್ತು ಕಿಲೋ ಹರಣಿಯದಲ್ಲ.

ತ್ರಿವೇಣಿ ಅಂದು ಹರಣಿಯ ಗೊರಸನ್ನು ನೋಡಿದ ಹಾಗೆಯೇ ಅವನ ಮುಖವನ್ನು ನೋಡಿದರು.

“ಕಾಕಾ, ನೀವು ನಾಳೆನ ದವಾಖಾನಿಗೆ ಹೋಗ್ರಿ. ನನ್ನ ದವಾಖಾನಿಗಲ್ಲ.”

ಬೆಳಗಾವಿಯ ಆಸ್ಪತ್ರೆಯಲ್ಲಿ ಒಂದು ವಾರ ಪರೀಕ್ಷೆಗಳಾದವು. ವರದಿ ಬಂದ ದಿನ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಕೂತಿದ್ದೆವು. ಮಾತು ಶುರು ಮಾಡಿದ್ದು ಅವನೇ.

“ಮಾಸ್ತರ, ಇಳಸಬೇಕಾಗಿದ್ದು ಆಕೀನ್ನ. ಇಳದಂವ ನಾ. ಡಾಕ್ಟರ ಮಾತು ಕೇಳಾಂವ ನಾ ಯಾವಾಗ ಆದೆ?”

ಆಮೇಲೆ ಇನ್ನೊಂದು ಹೇಳಿದ. ಹರಣಿ ಇನ್ನೂ ನಾನೂರ ಹತ್ತೇ ಇದ್ದಾಳೆ. ಮಳೆಗೆ ಮೂರು ತಿಂಗಳು ಉಳಿದಿದೆ. ತಾನು ಕಾಟಾದ ಮೇಲೆ ಅವಳ ಜೊತೆ ನಿಲ್ಲುತ್ತಿರುವವರೆಗೆ ಲೆಕ್ಕ ಸರಿ ಬರುವುದಿಲ್ಲ, ತನ್ನದು ತಿಂಗಳು ತಿಂಗಳು ಬದಲಾಗುತ್ತದೆ. ತಾನಿಲ್ಲದ ಮೇಲಂತೂ ಅವಳು ಹಾಸಿನ ಮೇಲೆ ಕಾಲೇ ಇಡುವುದಿಲ್ಲ. ಆಮೇಲೆ ಎಷ್ಟು ಹುಲ್ಲು ಕೊಡಬೇಕೆಂದು ಯಾರು ಹೇಳುತ್ತಾರೆ? ಅವಳು ಒಬ್ಬಳೇ ನಿಲ್ಲುವುದನ್ನು ಕಲಿಯಬೇಕು.

ಹೊಲದಲ್ಲಿ ಹಳೆಯ ತಗಡಿನ ಹಾಳೆಯೊಂದಿತ್ತು. ಅದನ್ನು ಬೇಲಿಯೊಳಗೆ ಹಾಸಿದೆವು. ಚಿಕಿತ್ಸೆಯ ನಡುವೆ ಒಳ್ಳೆಯ ದಿನ ಬಂದಾಗಲೆಲ್ಲ ಸಾವಂತ್ರವ್ವ ಅವನನ್ನು ಆಟೋದಲ್ಲಿ ಕರೆತರುತ್ತಿದ್ದಳು. ಹರಣಿಯನ್ನು ತಗಡಿನ ಮೇಲೆ ಹತ್ತಿಸಿ ‘ಥಾಂಬ’ ಎಂದು ಹೇಳಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಅವಳು ಒಂದು ಹೆಜ್ಜೆ ಮುಂದೆ ಬರುತ್ತಿದ್ದಳು. ಮತ್ತೆ ಹತ್ತಿಸುತ್ತಿದ್ದ. ಬೆಲ್ಲ ಕೊಡುವಂತಿಲ್ಲ, ಬದಲಿಗೆ ಹೆಗಲ ಹತ್ತಿರ ಕೆರೆಯುತ್ತಿದ್ದ. ಏಪ್ರಿಲ್ ಮುಗಿಯುವಾಗ ಮೂರು ಹೆಜ್ಜೆಯವರೆಗೆ ನಿಂತಳು. ಮೇ ತಿಂಗಳಲ್ಲಿ ಅವನು ಬೇವಿನ ಮರದ ಹಿಂದೆ ಅಡಗಿ ಇಣುಕುತ್ತಿದ್ದ, ಅವಳು ಕುತ್ತಿಗೆ ಚಾಚಿ ಮರದ ಹಿಂದೆ ನೋಡುತ್ತಿದ್ದಳು, ಆದರೆ ಕಾಲು ತಗಡಿನ ಮೇಲೇ. ನನಗೂ ಕಲಿಸಿದ. ನನ್ನ ‘ಥಾಂಬ’ಕ್ಕೆ ಹರಣಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅದರಲ್ಲಿ ಸಾಲೆಯ ಮಾಸ್ತರ ಇದ್ದಾನೆ, ನಿಮ್ಮ ಹುಡುಗರೂ ಕೇಳುತ್ತಿರಲಿಲ್ಲ, ಮೆತ್ತಗೆ ಹೇಳಿ ಎಂದ. ಜೂನಿನ ಹೊತ್ತಿಗೆ ನನ್ನ ಮಾತಿಗೂ ನಿಂತಳು, ನಾಲ್ಕು ಸಲಕ್ಕೆ ಒಂದು ಸಲ.

ತ್ರಿವೇಣಿಯವರು ಹುಲ್ಲಿನ ಅಳತೆಯನ್ನು ಇನ್ನಷ್ಟು ಕಡಿಮೆ ಮಾಡಿದ ಮೇಲೆ ಅವಳು ಖರೇ ಇಳಿದಳು. ಹೊಟ್ಟೆಪಟ್ಟಿ ತೂತಿನಿಂದ ತೂತಿಗೆ ಹಿಂದೆ ಬಂತು. ಕುತ್ತಿಗೆಯ ದಿಂಬು ಮೆತ್ತಗಾಯಿತು. ಮಳೆ ಶುರುವಾಯಿತು, ಹುಲ್ಲು ಎದ್ದಿತು. ಬಿದಿರಿನ ಕುಕ್ಕೆ ಕಟ್ಟಿಕೊಂಡು ಬೆಳಗಿನ ಎರಡು ತಾಸು ಅವಳು ಹುಲ್ಲಿನಲ್ಲಿ ಮೂಗು ತೂರಿಸಿ ತಿರುಗತೊಡಗಿದಳು. ಹೆಜ್ಜೆ ತಪ್ಪಲಿಲ್ಲ.

ಜುಲೈ ಆರು, ಭಾನುವಾರ. ಮಳೆ ಬಿಟ್ಟಿತ್ತು. ಭರಮಣ್ಣ ಆಟೋದಿಂದ ಇಳಿದವನು ಕಟ್ಟೆಯ ಮೇಲೆ ಕೂಡಲಿಲ್ಲ, ಕಾಟಾಕ್ಕೆ ಹೋಗೋಣ ಎಂದ. ಆಟೋದಲ್ಲೇ ಹೋಗು, ಕುದುರೆಯನ್ನು ನಾನು ತರುತ್ತೇನೆ ಎಂದೆ. ಕೇಳಲಿಲ್ಲ. ಹಗ್ಗ ಹಿಡಿದು ನಡೆದ. ಅರ್ಧ ಮೈಲಿಗೆ ಒಂದು ತಾಸು ಹಿಡಿಯಿತು. ಅವನು ನಿಂತಾಗ ಹರಣಿ ನಿಂತಳು, ಅವನು ನಡೆದಾಗ ನಡೆದಳು. ಹಿಂದೆ ಸಾವಂತ್ರವ್ವ ಕೊಡೆ ಹಿಡಿದುಕೊಂಡು, ಇಬ್ಬರನ್ನೂ ಸರಿಯಾಗಿ ಬೈಯುತ್ತ ಬಂದಳು.

ಕಲ್ಮೇಶ ರೂಢಿಯಂತೆ ಖಾಲಿನೋ ಲೋಡೋ ಎಂದು ಕೇಳಿದ.

ಭರಮಣ್ಣ ಹರಣಿಯನ್ನು ಹಾಸಿನ ನಡುವೆ ನಿಲ್ಲಿಸಿದ. ಹಗ್ಗವನ್ನು ಅವಳ ಕುತ್ತಿಗೆಯ ಮೇಲೆ ಹಾಕಿದ. ಹೆಗಲ ಹತ್ತಿರ ಸ್ವಲ್ಪ ಕೆರೆದ. ‘ಥಾಂಬ’ ಎಂದು ಹೇಳಿ, ಅವಳ ಕಡೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ನಡೆದು ಕಬ್ಬಿಣದಿಂದ ಮಣ್ಣಿಗೆ ಇಳಿದ. ಇನ್ನೂ ಐದಾರು ಹೆಜ್ಜೆ ಸರಿದು ನನ್ನ ಬಾಜು ಬಂದು ನಿಂತ. ಹರಣಿ ಕುತ್ತಿಗೆ ತಿರುಗಿಸಿ ನೋಡಿದಳು. ಮುಂಗಾಲೊಂದನ್ನು ಎತ್ತಿದಳು. ಅವನು ಇನ್ನೊಮ್ಮೆ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, ‘ಥಾಂಬ’ ಎಂದ. ಎತ್ತಿದ ಕಾಲನ್ನು ಅವಳು ಅಲ್ಲೇ ಕೆಳಗಿಟ್ಟಳು.

ಕಲ್ಮೇಶ ಕಿಟಕಿಯಿಂದ ಮುನ್ನೂರ ಅರವತ್ತು ಎಂದು ಕೂಗಿದ.

“ಖಾಲಿ ಅಂತ ಬರಿ” ಎಂದ ಭರಮಣ್ಣ.

ಹಗ್ಗ ಹಿಡಿಯಲು ಅವನು ಹೋಗಲಿಲ್ಲ. ನನ್ನ ಕಡೆ ನೋಡಿ, ಹೋಗ್ರಿ ಎನ್ನುವಂತೆ ಕೈ ಮಾಡಿದ.